ಗೋಧಿ, ಚಿನ್ನ, ಕಲ್ಲಿದ್ದಲು

ಪಕ್ಷದ ಹೆಸರಿಗೂ ಅದು ಮಾಡುವ ಕೆಲಸಕ್ಕೂ ಸಂಬಂಧ ಇರಲೇಬೇಕೆಂಬ ನಿಯಮವೇನೂ ಇಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷವನ್ನೇ ನೋಡಿ. ಇದ್ದದ್ದನ್ನು ಕಾಪಾಡುವುದು ಎಂಬುದೇ ಅದರ ಹೆಸರಿನ ಅರ್ಥ. ಆದರೆ ಕಳೆದ ಎರಡು ಶತಮಾನಗಳಲ್ಲಿ ಆ ದೇಶದ ಅರ್ಥವ್ಯವಸ್ಥೆಯನ್ನು ಬುಡಸಮೇತ ಅಲುಗಾಡಿಸಿದ ಹಲವು ನಿರ್ಧಾರಗಳು ಇದೇ ಪಕ್ಷದ ನಾಯಕರವು. ಅವುಗಳಲ್ಲಿ ಮೂರನ್ನು ಇಲ್ಲಿ ನೋಡಬಹುದು. ಒಂದು ಗೋಧಿಯದು, ಇನ್ನೊಂದು ಚಿನ್ನದ್ದು, ಮತ್ತೊಂದು ಕಲ್ಲಿದ್ದಲಿನದು. ಮೂರಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ನಿರ್ಧಾರ ಮಾಡಿದವರು ಯಾರು, ಅದರ ಬೆಲೆ ತೆತ್ತವರು ಯಾರು?

ಮೊದಲು ಗೋಧಿ. ನೆಪೋಲಿಯನ್ ವಿರುದ್ಧದ ಯುದ್ಧ ಮುಗಿದ 1815ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಧಾನ್ಯ ಕಾನೂನನ್ನು ತಂದಿತು. ದೇಶದೊಳಗೆ ಒಂದು ಕ್ವಾರ್ಟರ್ ಗೋಧಿಯ, ಎಂದರೆ ಸುಮಾರು ಎರಡು ಕ್ವಿಂಟಲಿನ, ಬೆಲೆ 80 ಷಿಲಿಂಗ್ ಮುಟ್ಟುವವರೆಗೆ ಹೊರದೇಶದ ಗೋಧಿ ಮಾರುಕಟ್ಟೆಗೆ ಬರುವಂತಿರಲಿಲ್ಲ. ಪಾರ್ಲಿಮೆಂಟಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಜಮೀನ್ದಾರರು. ಗೋಧಿ ಬೆಲೆ ಬಿದ್ದರೆ ಅವರಿಗೆ ಬರುವ ಗೇಣಿಯೂ ಬೀಳುತ್ತಿತ್ತು. ಗಿರಣಿ ಊರುಗಳ ಕೂಲಿಕಾರರು ಮಾತ್ರ ದುಬಾರಿ ಬ್ರೆಡ್ ತಿನ್ನಬೇಕಾಯಿತು. 1828ರಲ್ಲಿ ಬೆಲೆಗೆ ತಕ್ಕಂತೆ ಏರಿಳಿಯುವ ಸುಂಕ ಬಂದರೂ ಬೇಲಿ ಉಳಿದೇ ಇತ್ತು. ರಿಚರ್ಡ್ ಕಾಬ್ಡೆನ್, ಜಾನ್ ಬ್ರೈಟ್ ಮುಂತಾದವರು ಮ್ಯಾಂಚೆಸ್ಟರನ್ನು ಕೇಂದ್ರವಾಗಿಟ್ಟುಕೊಂಡು ಇದರ ವಿರುದ್ಧ ಚಳವಳಿ ಹೂಡಿದರು.

1841ರಲ್ಲಿ ಪ್ರಧಾನಿಯಾದ ಕನ್ಸರ್ವೇಟಿವ್ ನಾಯಕ ರಾಬರ್ಟ್ ಪೀಲ್ ಈ ಕಾನೂನನ್ನು ಉಳಿಸುತ್ತಾರೆಂದೇ ಜಮೀನ್ದಾರರು ನಂಬಿದ್ದರು. ಆದರೆ ಪೀಲ್ ಹತ್ತಿ ಗಿರಣಿ ಮಾಲೀಕರ ಮಗ. ಕೈಗಾರಿಕೆಯ ಲೆಕ್ಕ ಬಲ್ಲವರು. ಯುದ್ಧಕಾಲದಲ್ಲಿದ್ದು ನಿಂತುಹೋಗಿದ್ದ ಆದಾಯ ತೆರಿಗೆಯನ್ನು ಅವರು 1842ರಲ್ಲಿ ಮತ್ತೆ ಜಾರಿಗೆ ತಂದರು. ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ಆದಾಯವಿದ್ದವರು ಪ್ರತಿ ಪೌಂಡಿಗೆ 7 ಪೆನ್ಸ್ ಕೊಡಬೇಕಾಯಿತು. ಆಗ ಪೌಂಡಿಗೆ 240 ಪೆನ್ಸ್. ಉಳ್ಳವರಿಂದ ಬಂದ ಈ ಹಣದ ಬಲದಿಂದ ನೂರಾರು ಸರಕುಗಳ ಮೇಲಿನ ಸುಂಕ ಇಳಿಸಲು ಸಾಧ್ಯವಾಯಿತು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಬಡವರ ಊಟವೇ ಅದಾಗಿತ್ತು. ಪೀಲ್ ಅಮೆರಿಕದಿಂದ ಒಂದು ಲಕ್ಷ ಪೌಂಡ್ ಬೆಲೆಯ ಮೆಕ್ಕೆಜೋಳವನ್ನು ಗುಟ್ಟಾಗಿ ತರಿಸಿದರು. ಧಾನ್ಯ ಕಾನೂನಿನ ರದ್ದತಿಗೂ ಕೈಹಾಕಿದರು. ಸ್ವಂತ ಪಕ್ಷದ ಸುಮಾರು ಮೂರನೇ ಎರಡರಷ್ಟು ಸದಸ್ಯರು ತಿರುಗಿಬಿದ್ದರು. ಮಸೂದೆ ಗೆದ್ದದ್ದು ವಿರೋಧ ಪಕ್ಷದ ಮತಗಳಿಂದ. 1846ರ ಜೂನ್ 25ರಂದು ಲಾರ್ಡ್ಸ್ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ರಾತ್ರಿ ಕಾಮನ್ಸ್ ಸಭೆಯಲ್ಲಿ, ಐರ್ಲೆಂಡಿಗೆ ಸಂಬಂಧಿಸಿದ ಬೇರೊಂದು ಮಸೂದೆಯ ಮೇಲೆ, ಪೀಲ್ ಸರ್ಕಾರ ಸೋತಿತು. ಪಕ್ಷ ಎರಡು ಹೋಳಾಯಿತು. ಮತ್ತೆ ಗಟ್ಟಿ ಬಹುಮತ ಕಾಣಲು ಅದು 1874ರವರೆಗೆ ಕಾಯಬೇಕಾಯಿತು.

ಐರ್ಲೆಂಡಿಗೆ ಇದರಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಕೈಯಲ್ಲಿ ಕಾಸೇ ಇಲ್ಲದವರಿಗೆ ಗೋಧಿ ಅಗ್ಗವಾದರೇನು, ಆಗದಿದ್ದರೇನು? ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆದರೆ ಇಂಗ್ಲೆಂಡಿನ ಒಳಗಿನ ಲೆಕ್ಕ ನೋಡಿದರೆ, ಪೀಲ್ ನಿರ್ಧಾರದ ಹೊರೆ ಬಿದ್ದದ್ದು ಹೊರುವ ಶಕ್ತಿ ಇದ್ದವರ ಮೇಲೆ. ಸುಂಕವೂ ಒಮ್ಮೆಲೇ ಹೋಗಲಿಲ್ಲ. ಮೂರು ವರ್ಷ ಇಳಿಯುತ್ತ ಬಂದು 1849ರಲ್ಲಿ ಹೆಸರಿಗಷ್ಟೇ ಉಳಿಯಿತು. ಪೀಲ್ ಸ್ವತಃ ಅಧಿಕಾರ ಕಳೆದುಕೊಂಡರು.

ಎರಡನೆಯದು ಚಿನ್ನ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಸಡಿಲಿಸಿತ್ತು. ಬಾಲ್ಡ್ವಿನ್ ಸರ್ಕಾರದ ಹಣಕಾಸು ಮಂತ್ರಿ ವಿನ್‌ಸ್ಟನ್ ಚರ್ಚಿಲ್ 1925ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಬಿಗಿದರು. ಅದೂ ಯುದ್ಧಕ್ಕೆ ಮುಂಚಿನ ದರದಲ್ಲೇ: ಒಂದು ಪೌಂಡಿಗೆ 4.86 ಡಾಲರ್. ಹಳೆಯ ದರ ಎಂದರೆ ಹಳೆಯ ಗೌರವ ಎಂದು ಲಂಡನ್ನಿನ ಬ್ಯಾಂಕುಗಳವರು ಭಾವಿಸಿದ್ದರು. ಈ ದರ ಶೇಕಡ 10ರಷ್ಟು ಹೆಚ್ಚಾಯಿತೆಂದು ಅರ್ಥಶಾಸ್ತ್ರಜ್ಞ ಕೇನ್ಸ್ ಎಚ್ಚರಿಸಿದರು.

ಇದು ಕಲ್ಲಿದ್ದಲು ಗಣಿಗೆ ಮುಟ್ಟಿದ ಬಗೆ ಹೀಗೆ. ಪೌಂಡು ದುಬಾರಿಯಾದಾಗ ಬ್ರಿಟಿಷ್ ಕಲ್ಲಿದ್ದಲು ಹೊರದೇಶದವರಿಗೆ ದುಬಾರಿಯಾಯಿತು. ಮಾರಾಟ ಉಳಿಯಬೇಕಾದರೆ ಬೆಲೆ ಇಳಿಸಬೇಕು, ಬೆಲೆ ಇಳಿಸಬೇಕಾದರೆ ಕೂಲಿ ಕಡಿಯಬೇಕು ಎಂದರು ಮಾಲೀಕರು. ಸರ್ಕಾರ ಒಂಬತ್ತು ತಿಂಗಳು ಸಹಾಯಧನ ಕೊಟ್ಟು ನಿಲ್ಲಿಸಿತು. ಗಣಿ ಕಾರ್ಮಿಕರ ಬೆಂಬಲಕ್ಕೆ 1926ರ ಮೇ 3ರಿಂದ ದೇಶದಾದ್ಯಂತ ಸಾರ್ವತ್ರಿಕ ಮುಷ್ಕರ ನಡೆದು, ಒಂಬತ್ತು ದಿನಗಳಲ್ಲಿ ಮುಗಿಯಿತು. ಗಣಿ ಕಾರ್ಮಿಕರು ಒಂಟಿಯಾಗಿ ಚಳಿಗಾಲದ ಹೊಸ್ತಿಲವರೆಗೂ ಹೋರಾಡಿ, ಕಡಿಮೆ ಕೂಲಿಗೆ, ಹೆಚ್ಚು ಹೊತ್ತಿನ ದುಡಿಮೆಗೆ ಒಪ್ಪಿ ಗಣಿಗೆ ಇಳಿದರು. ಇಷ್ಟು ಕಷ್ಟಪಟ್ಟು ಉಳಿಸಿದ ಆ ದರ ಬಾಳಿದ್ದು ಆರೇ ವರ್ಷ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನವನ್ನು ಕೈಬಿಟ್ಟಿತು. ಮರುವರ್ಷ ಕನ್ಸರ್ವೇಟಿವ್ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲಿನ್ ಹೆಚ್ಚಿನ ಆಮದುಗಳ ಮೇಲೆ ಶೇಕಡ 10 ಸುಂಕ ಹಾಕಿದರು. ಪೀಲ್ ತೆರೆದ ಬಾಗಿಲನ್ನು ಅವರದೇ ಪಕ್ಷ ಮುಚ್ಚಿತು.

ಎರಡನೇ ಮಹಾಯುದ್ಧದ ನಂತರ ಲೇಬರ್ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1951ರಲ್ಲಿ ಮರಳಿ ಬಂದ ಕನ್ಸರ್ವೇಟಿವರು ಅದನ್ನು ಹಾಗೆಯೇ ಬಿಟ್ಟರು. ಆದರೆ 1970ರ ದಶಕದಲ್ಲಿ ಬೆಲೆ ಏರಿಕೆ, ಮುಷ್ಕರಗಳ ಕಾಟ ಹೆಚ್ಚಿತು. ಗಣಿ ಮುಷ್ಕರದಿಂದ ವಿದ್ಯುತ್ ಸಾಲದೆ 1974ರ ಆರಂಭದಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕೆಲಸ ಎಂಬ ಸ್ಥಿತಿ ಬಂತು. ಆ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪ್ರಧಾನಿ ಹೀತ್ ಅಧಿಕಾರ ಕಳೆದುಕೊಂಡರು. ಅವರ ಸಂಪುಟದಲ್ಲಿದ್ದ ಮಾರ್ಗರೆಟ್ ಥ್ಯಾಚರ್ ಈ ಪಾಠವನ್ನು ಮರೆಯಲಿಲ್ಲ.

ಗ್ರಾಂಥಮ್ ಎಂಬ ಊರಿನ ದಿನಸಿ ಅಂಗಡಿಯವರ ಮಗಳು ಥ್ಯಾಚರ್ 1979ರಲ್ಲಿ ಪ್ರಧಾನಿಯಾದರು. ಆದಾಯ ತೆರಿಗೆಯ ಗರಿಷ್ಠ ದರ ಶೇಕಡ 83ರಿಂದ 60ಕ್ಕೆ ಇಳಿಯಿತು. ಎಲ್ಲರೂ ಕೊಡುವ ಮಾರಾಟದ ಮೇಲಿನ ತೆರಿಗೆ ಶೇಕಡ 8ರಿಂದ 15ಕ್ಕೆ ಏರಿತು. ಪೀಲ್ ಮಾಡಿದ್ದಕ್ಕೆ ಇದು ಸರಿಯಾಗಿ ತಿರುವುಮುರುವು. ಹಣದುಬ್ಬರ 1980ರಲ್ಲಿ ಶೇಕಡ 20 ದಾಟಿ, 1983ರ ಹೊತ್ತಿಗೆ ಶೇಕಡ 5ಕ್ಕಿಂತ ಕೆಳಗಿಳಿಯಿತು. ನಿರುದ್ಯೋಗಿಗಳ ಸಂಖ್ಯೆ 1982ರಲ್ಲಿ 30 ಲಕ್ಷ ದಾಟಿತು.

1984ರ ಮಾರ್ಚಿನಲ್ಲಿ 20 ಗಣಿ ಮುಚ್ಚುವ ಯೋಜನೆಯ ವಿರುದ್ಧ ಮುಷ್ಕರ ಶುರುವಾದಾಗ ಸರ್ಕಾರ ಸಿದ್ಧವಾಗಿತ್ತು. ವಿದ್ಯುತ್ ಸ್ಥಾವರಗಳ ಬಳಿ ಕಲ್ಲಿದ್ದಲಿನ ರಾಶಿ ಬಿದ್ದಿತ್ತು. ಒಂದು ವರ್ಷದ ನಂತರ ಕಾರ್ಮಿಕರು ಸೋತು ಮರಳಿದರು. ನಷ್ಟದ ಗಣಿಗಳನ್ನು ಸರ್ಕಾರಿ ಹಣದಿಂದ ಎಷ್ಟು ದಿನ ನಡೆಸಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಯಾರ್ಕ್‌ಷೈರ್, ದಕ್ಷಿಣ ವೇಲ್ಸ್‌ಗಳ ಅನೇಕ ಊರುಗಳಿಗೆ ಗಣಿ ಬಿಟ್ಟರೆ ಬೇರೆ ಬದುಕಿರಲಿಲ್ಲ. ಅಪ್ಪ ಇಳಿದ ಗಣಿಗೆ ಮಗ ಇಳಿಯುತ್ತಿದ್ದ ಊರುಗಳವು. ಗಣಿ ಮುಚ್ಚುವ ವೇಗದಲ್ಲಿ ಬೇರೆ ಕೆಲಸ ಬರಲಿಲ್ಲ. ಕೊನೆಯ ಆಳದ ಗಣಿ, ಯಾರ್ಕ್‌ಷೈರಿನ ಕೆಲಿಂಗ್ಲಿ, 2015ರ ಡಿಸೆಂಬರಿನಲ್ಲಿ ಮುಚ್ಚಿತು.

ಹಾಗೆಂದು ಥ್ಯಾಚರ್ ಕಾಲದಲ್ಲಿ ಗಳಿಸಿದವರಿಲ್ಲವೆಂದಲ್ಲ. ಬಾಡಿಗೆಗಿದ್ದ ಸರ್ಕಾರಿ ಮನೆಯನ್ನೇ ಕೊಂಡುಕೊಂಡ ಕುಟುಂಬಗಳು ಹತ್ತು ಲಕ್ಷಕ್ಕೂ ಹೆಚ್ಚು. ಲಂಡನ್ನಿನ ಹಣಕಾಸು ವಹಿವಾಟು ಬೆಳೆಯಿತು. ಆದರೆ ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ ಬಿದ್ದಿತು. ಎಲ್ಲರಿಗೂ ತಲೆಗಿಷ್ಟು ಎಂದು ಹಾಕಿದ ತೆರಿಗೆ 1990ರಲ್ಲಿ ಲಂಡನ್ನಿನ ಬೀದಿಗಳಲ್ಲಿ ಗಲಭೆ ಎಬ್ಬಿಸಿತು. ಅದೇ ವರ್ಷ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರ ಬಿಟ್ಟರು.

ಮೂವರೂ ದೇಶದ ಒಳಿತಿಗೆಂದೇ ನಂಬಿ ನಿರ್ಧರಿಸಿದವರು. ಪೀಲ್ ಮೊದಲು ಉಳ್ಳವರ ಮೇಲೆ ತೆರಿಗೆ ಹಾಕಿ, ಆಮೇಲೆ ಹಳೆಯ ಗೋಡೆ ಒಡೆದರು. ಒಡೆಯಲು ಮೂರು ವರ್ಷದ ಗಡುವನ್ನೂ ಕೊಟ್ಟರು. 1925ರಲ್ಲಿ ಮತ್ತು 1984ರಲ್ಲಿ ಅಂಥ ಏರ್ಪಾಡು ಇರಲಿಲ್ಲ. ಎರಡು ಸಲವೂ ಲೆಕ್ಕ ತೀರಿಸಿದವರು ನೆಲದ ಕೆಳಗೆ ದುಡಿಯುತ್ತಿದ್ದವರೇ. ಸುಧಾರಣೆಯ ಮಾತು ಯಾವ ದೇಶದಲ್ಲಿ ಎದ್ದರೂ, ಖರ್ಚು ಯಾರ ಹೆಸರಿನಲ್ಲಿ ಬರೆದಿದೆ ಎಂದು ಮೊದಲೇ ಕೇಳಿಬಿಡುವುದು ಒಳ್ಳೆಯದು.