ಮುಂದಾಳುತನವೂ ಲೆಕ್ಕದ ಪುಸ್ತಕವೂ

(ಒಂದು ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮುಂದಾಳುತನವೆಂದೊಡನೆ ವ್ಯಾಸಪೀಠ, ಹೂಮಾಲೆ, ಜಯಘೋಷಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ನಮ್ಮ ಅನುಭವದಲ್ಲಾದರೋ ಅದರ ಒರೆಗಲ್ಲು ಲೆಕ್ಕದ ಪುಸ್ತಕವೇ ಆಗಿದೆ.

ಗದಗ ತಾಲೂಕಿನ ಕಣಗಿನಹಾಳವನ್ನು ನೆನೆಯಿರಿ. 1905ರಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಒಕ್ಕಲುಮಕ್ಕಳ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘದ ಸಾಲವು ತೀರದೆ ಹೋದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಅದಕ್ಕೆ ಗುರಿಯಾಗಬಹುದಾಗಿತ್ತು. ಈ ಮಾತಿನ ಭಾರವು ವಕೀಲರಾದ ನಮಗೆ ಗೊತ್ತು. ಅಣ್ಣನಿಗೆ ತಮ್ಮನು ಜಾಮೀನಾಗಲೊಲ್ಲದ ಪ್ರಸಂಗಗಳನ್ನು ಕೋರ್ಟಿನಲ್ಲಿ ಕಂಡವರು ನಾವು. ಹೀಗಿರಲು ನೆರೆಯವನ ಸಾಲಕ್ಕೆ ನೆರೆಯವನು ಹೊಣೆಯಾಗುವುದೆಂತು? ಇಂತಹ ಸಂಘದಲ್ಲಿ ಮುಂದೆ ನಿಂತವನ ಹೊಲವೂ ಹಿಂದೆ ನಿಂತವನ ಹೊಲದಷ್ಟೇ ಗಂಡಾಂತರದಲ್ಲಿರುತ್ತಿತ್ತು. ಲೆಕ್ಕವು ಎಲ್ಲರ ಕಣ್ಣೆದುರಿಗಿರಬೇಕಾಗುತ್ತಿತ್ತು. ನಂಬಿಗೆಯ ಬೇರು ಇರುವುದು ಇಲ್ಲಿಯೇ.

ಈ ಪಾಠವನ್ನು ನಾವು ಸುಲಭವಾಗಿ ಕಲಿಯಲಿಲ್ಲ. ಸ್ವಯಂಸೇವಕರ ವರ್ಗಣಿಯ ಹಣವು ನಮ್ಮ ಕೈಯಲ್ಲಿದ್ದಾಗ, ಸಭೆಯೊಂದರಲ್ಲಿ ವಯೋವೃದ್ಧ ಶಿಕ್ಷಕರೊಬ್ಬರು ಎದ್ದು, "ವಕೀಲಸಾಹೇಬರೇ, ಜಮಾಖರ್ಚನ್ನು ಒಮ್ಮೆ ಓದಿ ಹೇಳುವಿರಾ?" ಎಂದರು. ದೇಶಕ್ಕಾಗಿ ಸೆರೆಮನೆ ಕಂಡುಬಂದವರನ್ನು ಹೀಗೆ ಕೇಳಬಹುದೇ ಎಂದು ನಾವು ಕೆರಳಿದೆವು. ಸಭೆಯೂ ಅವರನ್ನೇ ಸುಮ್ಮನಿರಿಸಿತು. ಅಂದು ರಾತ್ರಿ ಕೀರ್ದಿಯನ್ನು ತೆಗೆದು ಕೂಡಿಸಿದರೆ ಹನ್ನೊಂದು ರೂಪಾಯಿ ಕಡಿಮೆ! ಖರ್ಚನ್ನು ಬರೆಯಲು ಮರೆತಿದ್ದೆವು. ಆದರೆ ಮರೆವಿಗೊಂದು, ಕಳವಿಗೊಂದು ಎಂದು ಕೀರ್ದಿಯಲ್ಲಿ ಬೇರೆ ಬೇರೆ ಮನೆಗಳಿರುವುದಿಲ್ಲ. ಮರುದಿನ ಆ ಗುರುಗಳ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಮುಂದಿನ ಸಭೆಯಲ್ಲಿ ತಪ್ಪನ್ನು ಒಪ್ಪಿಕೊಂಡು ಹಣವನ್ನು ಕೈಯಿಂದ ತುಂಬಿದೆವು. ಅಂದು ಮೊದಲು ಎದ್ದುಬಂದು ನಾಲ್ಕಾಣೆ ವರ್ಗಣಿಯನ್ನು ಕೊಟ್ಟವರು ಅವರೇ!

ತನ್ನ ತಪ್ಪನ್ನು ಮಕ್ಕಳೆದುರು ತಿದ್ದಿಕೊಳ್ಳುವ ಶಿಕ್ಷಕನು, ಕೇಳುವ ಮುನ್ನವೇ ಲೆಕ್ಕವನ್ನು ಮುಂದಿಡುವ ಕಾರ್ಯದರ್ಶಿಯು, ಹೇಳಿದ ಹೊತ್ತಿಗೆ ಸಭೆಗೆ ಬರುವ ಸದಸ್ಯನು—ನಾಡನ್ನು ಕಟ್ಟುವ ಮುಂದಾಳುಗಳು ಇವರೇ. ಪ್ರಶ್ನೆ ಕೇಳುವವನನ್ನು ವೈರಿಯೆಂದು ಬಗೆಯುವ ಸಂಸ್ಥೆಯು ಬಹುಕಾಲ ಬಾಳಲಾರದು.

ಆದುದರಿಂದ ಈ ವಾಚನಾಲಯದ ಲೆಕ್ಕದ ಪುಸ್ತಕವನ್ನು ಇಂದಿನಿಂದ ಕಪಾಟಿನೊಳಗಿಡದೆ, ವೃತ್ತಪತ್ರಗಳ ಮೇಜಿನ ಮೇಲೆಯೇ ಇಡಬೇಕೆಂದು ಸೂಚಿಸಿ, ನಾವು ಕುಳಿತುಕೊಳ್ಳುತ್ತೇವೆ.