ಹಾರ್ಬಿನ್‌ಗೆ ಬಂದ ಪುಟ್ಟ ಕಿತ್ತಳೆಗಳು



ಚೀನಾದ ಈಶಾನ್ಯ ಮೂಲೆಯಲ್ಲಿ ಹಾರ್ಬಿನ್ ಎಂಬ ದೊಡ್ಡ ನಗರವಿದೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಸೊಂಗ್‌ಹುವಾ ನದಿ ಹೆಪ್ಪುಗಟ್ಟುತ್ತದೆ, ಜನ ಅದರ ಮೇಲೆಯೇ ನಡೆದಾಡುತ್ತಾರೆ. ಆ ನದಿಯ ಮಂಜುಗಡ್ಡೆಯನ್ನು ಕೊಯ್ದು ತಂದು ಅರಮನೆ, ಗೋಪುರಗಳನ್ನು ಕಟ್ಟಿ, ಒಳಗೆ ಬಣ್ಣದ ದೀಪ ಹಚ್ಚುತ್ತಾರೆ. ಬೇಸಿಗೆ ಬಂತೋ, ಅರಮನೆಯೆಲ್ಲ ನೀರು! ಇಷ್ಟು ಚಳಿಯಲ್ಲೂ ಅಲ್ಲಿನವರು ಬೀದಿಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನುತ್ತಾರೆ.

2024ರ ಜನವರಿಯಲ್ಲಿ ಈ ಊರಿಗೆ ದಕ್ಷಿಣದ ಗುವಾಂಗ್ಶಿಯಿಂದ ಶಿಶುವಿಹಾರದ 11 ಮಕ್ಕಳು ಪ್ರವಾಸ ಬಂದರು. ವಯಸ್ಸು 3ರಿಂದ 6. ಜೊತೆಗೆ ಶಿಕ್ಷಕರಿದ್ದರು, ಅಪ್ಪ ಅಮ್ಮ ಇರಲಿಲ್ಲ. ಹಿಮವೆಂದರೇನೆಂದು ಹೆಚ್ಚಾಗಿ ತಿಳಿಯದ ಬೆಚ್ಚನೆಯ ಸೀಮೆಯ ಮಕ್ಕಳು ಅವರು. ಎಲ್ಲರಿಗೂ ಕಿತ್ತಳೆ ಬಣ್ಣದ ದಪ್ಪ ಉಡುಪು, ತಲೆಗೆ ಟೋಪಿ. ಗುವಾಂಗ್ಶಿ ಸಕ್ಕರೆ ಕಿತ್ತಳೆಗೆ ಹೆಸರುವಾಸಿ. ಹಾಗಾಗಿ ಜನ ಮಕ್ಕಳನ್ನೇ ‘ಪುಟ್ಟ ಸಕ್ಕರೆ ಕಿತ್ತಳೆಗಳು’ ಎಂದು ಕರೆದರು. ದೇಶವಿಡೀ ಮೊಬೈಲಿನಲ್ಲಿ ಅವರ ಹಿಂದೆ ಬಿತ್ತು. ಮೂರು ವರ್ಷದ ಕೂಸನ್ನು ಅಷ್ಟು ದೂರ ಕಳಿಸುವುದೇ ಎಂದು ಹುಬ್ಬೇರಿಸಿದವರೂ ಇದ್ದರು. ಆ ಪ್ರಶ್ನೆ ನ್ಯಾಯವಾದದ್ದೇ.

ತನ್ನ ಮಕ್ಕಳನ್ನು ಆದರಿಸಿದ್ದಕ್ಕೆ ಗುವಾಂಗ್ಶಿ ಪ್ರೀತಿಯಿಂದ ಟನ್‌ಗಟ್ಟಲೆ ಕಿತ್ತಳೆಯನ್ನು ಹಾರ್ಬಿನ್‌ಗೆ ಕಳಿಸಿತು. ಉತ್ತರದವರು ಸುಮ್ಮನಿರಲಿಲ್ಲ, ತಮ್ಮ ಕ್ರ್ಯಾನ್‌ಬೆರಿ ಹಣ್ಣನ್ನು ತಿರುಗಿ ಕಳಿಸಿದರು.

ನನ್ನನ್ನು ಕೇಳಿದರೆ, ಆ ಚಳಿಯಲ್ಲಿ 11 ಜೊತೆ ಕೈಗವಸು ಹಾಕಿ, ಬಿಚ್ಚಿ, ಮತ್ತೆ ಹಾಕಿದ ಶಿಕ್ಷಕರಿಗೇ ಮೊದಲ ಪೆಟ್ಟಿಗೆ ಕಿತ್ತಳೆ ಸಲ್ಲಬೇಕಿತ್ತು.