ಕಾಳಿಯ ನೊರೆನೀರು ಮತ್ತು ನಮ್ಮ ದೀಪ



ಹಿರೇಹಂದಿಗೋಳದ ಸೀಮೆಯವರು ಬಲ್ಲದ್ದು ಹಳ್ಳವನ್ನು. ಮೇಲೆ ಮಳೆ ಸುರಿದರೆ ಹಳ್ಳ ಬರುತ್ತದೆ, ಮಳೆ ನಿಂತರೆ ಇಳಿಯುತ್ತದೆ. ಉತ್ತರ ಕನ್ನಡದ ಕಾಳಿ ನದಿಯ ನಡೆ ಈಗ ಹಾಗಿಲ್ಲ.

ಗಣೇಶಗುಡಿಯ ಬಳಿ ಕಾಳಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕುಳಿತು, ಹುಟ್ಟು ಹಾಕುತ್ತ ನೊರೆನೀರಿನ ಸೆಳವುಗಳನ್ನು ದಾಟುವ ಸಾಹಸವದು. ನುರಿತವರು ಒಬ್ಬರೇ ಕೂರುವ ಕಿರಿದಾದ ಕಯಾಕ್‌ನಲ್ಲಿಯೂ ಇಳಿಯುವುದುಂಟು. ಸೆಳವುಗಳ ಕಾಠಿಣ್ಯವನ್ನು 1ರಿಂದ 6ರವರೆಗೆ ದರ್ಜೆಗಳಲ್ಲಿ ಗುರುತಿಸುವುದು ಜಗತ್ತಿನಾದ್ಯಂತ ರೂಢಿ. ಇಲ್ಲಿನವು ಹೆಚ್ಚಾಗಿ 2 ಮತ್ತು 3ನೆಯ ದರ್ಜೆಯವು.

ಅನುಭವಿಯಾದವನು ಇಳಿಯುವ ಮುನ್ನ ದಡದಲ್ಲಿ ನಡೆದು ನೀರನ್ನು ಓದುತ್ತಾನೆ. ನುಣುಪಾದ ನೀರು ಈಟಿಯ ಮೊನೆಯಂತೆ ಕೆಳಹರಿವಿನತ್ತ ಚಾಚಿದ್ದರೆ ಅಲ್ಲಿ ದಾರಿಯಿದೆ. ಮೊನೆ ಮೇಲ್ಮುಖವಾಗಿದ್ದರೆ ಆ ತುದಿಯಲ್ಲಿ ಬಂಡೆ ಅಡಗಿದೆ. ಉರುಳಿದ ಮರದ ಕೊಂಬೆಗಳ ನಡುವೆ ನೀರು ನುಸುಳುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಚಿಕ್ಕ ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಸುತ್ತುತ್ತ ಬಿದ್ದವನನ್ನು ಹಿಡಿದಿಡುತ್ತದೆ. ಕೊಚ್ಚಿಹೋಗುವವನು ಎದ್ದು ನಿಲ್ಲಲು ಯತ್ನಿಸಬಾರದು. ಕಲ್ಲಿನ ಸಂದಿಯಲ್ಲಿ ಕಾಲು ಸಿಲುಕಿದರೆ ಪ್ರವಾಹ ಅವನನ್ನು ಮುಳುಗಿಸುತ್ತದೆ. ಅಂಗಾತವಾಗಿ, ಪಾದಗಳನ್ನು ಕೆಳಹರಿವಿನತ್ತ ಚಾಚಿ ತೇಲಬೇಕು. ತುಂಬಿದ ಹಳ್ಳಕ್ಕೆ ಇಳಿಯದಿರುವುದೇ ಲೇಸು. ಆಕಸ್ಮಿಕವಾಗಿ ಬಿದ್ದವರಿಗೆ ಈ ತಿಳಿವು ನೆರವಾದೀತು.

ಆದರೆ ಕಾಳಿಯಲ್ಲಿ ನೀರನ್ನಷ್ಟೇ ಓದಿದರೆ ಸಾಲದು. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳಿವೆ. ಅವು ತಿರುಗಿದಾಗ ನದಿ ಏರುತ್ತದೆ, ನಿಂತಾಗ ಬಂಡೆಗಳು ಬರಿದಾಗುತ್ತವೆ. ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್‌ಗೆ ಮುಂಗಾರನ್ನೇ ಕಾಯಬೇಕು. ಕಾಳಿಯಲ್ಲಿ ಬಿರುಬೇಸಿಗೆಯಲ್ಲಿಯೂ ದೋಣಿ ಇಳಿಯುತ್ತದೆ. ಆದ್ದರಿಂದ ನೊರೆ ಕಂಡ ಮಾತ್ರಕ್ಕೆ ನದಿ ಆರೋಗ್ಯವಾಗಿದೆಯೆಂದು ಭಾವಿಸಲಾಗದು.

ಈ ಏರಿಳಿತ ಸಾಹಸಿಗನಿಗೆ ಮೋಜು. ಅವನಿಗೆ ಜೀವರಕ್ಷಕ ಜಾಕೆಟ್ಟಿದೆ, ಶಿರಸ್ತ್ರಾಣವಿದೆ, ನೀರು ಬಿಡುವ ವೇಳೆಯ ಸುಳಿವೂ ಇದೆ. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ, ಬಲೆ ಬೀಸುವವನಿಗೆ, ನೀರಿಗಿಳಿದ ದನಕ್ಕೆ ಅವು ಯಾವುವೂ ಇಲ್ಲ. ಮುಂಗಾರಿನ ಹೊಸ ನೀರನ್ನು ಕಂಡು ಮೊಟ್ಟೆಯಿಡಲು ಹೊರಡುವ ಮೀನುಗಳಿಗೆ ಕಾಲದ ಗುರುತೇ ತಪ್ಪುತ್ತದೆ. ಸೂಪಾ ಎಂಬ ಊರೇ ಜಲಾಶಯದಲ್ಲಿ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಸರಿದುದನ್ನೂ ಮರೆಯುವಂತಿಲ್ಲ.

ಕಾಳಿಯ ವಿದ್ಯುತ್ತು ರಾಜ್ಯದ ಒಂದೇ ಜಾಲವನ್ನು ಸೇರುತ್ತದೆ. ಹಿರೇಹಂದಿಗೋಳದ ದೀಪ, ಗಿರಣಿ, ಪಂಪ್‌ಸೆಟ್ಟುಗಳೂ ಅದೇ ಜಾಲದವು. ಇಲ್ಲಿ ಗುಂಡಿ ಒತ್ತಿದವರಿಗೂ ಅಲ್ಲಿ ಏರುವ ನೀರಿಗೂ ಸಂಬಂಧವಿದೆ. ನೀರು ಬಿಡುವ ವೇಳೆ ದಡದ ಪ್ರತಿ ಹಳ್ಳಿಗೂ ಮುಂಚಿತವಾಗಿ ತಿಳಿಯಬೇಕು. ಘಟಕಗಳು ನಿಂತಾಗಲೂ ನದಿ ಬತ್ತದಷ್ಟು ಹರಿವು ಉಳಿಯಬೇಕು. ಘಟ್ಟದವರು ಇದನ್ನು ಕೇಳುವಾಗ ಬಯಲಿನವರೂ ದನಿಗೂಡಿಸುವುದು ನ್ಯಾಯ. ದೀಪದ ಬೆಳಕು ಪಡೆದವರು ನೀರಿನ ಋಣವನ್ನೂ ಹೊರಬೇಕಲ್ಲವೇ?